ಹೊರಗೆ ನೀರೂ ಕುಡಿಯದ ತುಳಸಮ್ಮ

೧೯೮೪ನೇ ಇಸವಿ ಮಾರ್ಚ್ ಹನ್ನೊಂದು, ಭಾನುವಾರ. ಗುಬ್ಬಿ ಠಾಣೆಯ ಸಬ್‌ಇನ್ಸ್‌ಪೆಕ್ಟರ್ ಚಿಕ್ಕಬೀರಯ್ಯ ಇನ್ನೂ ಬೆಳಗಿನ ಕಾಫಿ ಮುಗಿಸಿರಲಿಲ್ಲ. ಶಾರದ ಎಂಬಾಕೆ ಬಂದು ತುಮಕೂರು ಕೋರ್ಟಿನ ಆದೇಶವನ್ನು ಮೇಜಿನ ಮೇಲಿಟ್ಟಳು. ಗಂಡ ಸುಬ್ಬಕೃಷ್ಣನಿಂದ ವಿಚ್ಛೇದನವಾಗಿತ್ತು. ಆರು ವರ್ಷದ ಮಗಳು ಪದ್ಮಜಳನ್ನು ಈ ದಿನ ತಾಯಿಗೆ ಒಪ್ಪಿಸಬೇಕಿತ್ತು. ಕರೆತರಲು ಹೋದರೆ ಮಗುವೂ ಇಲ್ಲ, ಅತ್ತೆ ತುಳಸಮ್ಮನೂ ಇಲ್ಲ.

"ನಿಮ್ಮತ್ತೆ ಮೊದಲೇ ಏನಾದ್ರೂ ಹೇಳಿದ್ರಾ?"

"ಮಗು ಹೋದ್ಮೇಲೆ ನಾನಿರಲ್ಲ ಅಂದಿದ್ರು ಸಾರ್."

ಚಿಕ್ಕಬೀರಯ್ಯ ಕಾಫಿ ಲೋಟ ಪಕ್ಕಕ್ಕೆ ಸರಿಸಿದ. ಕೋರ್ಟೇನೋ ಆದೇಶ ಬರೆದು ಕೈತೊಳೆದುಕೊಳ್ಳುತ್ತದೆ. ಅದನ್ನು ಹೊತ್ತು ಅಲೆಯುವ ಕರ್ಮ ಪೊಲೀಸರದು. ಎಫ್‌ಐಆರ್ ದಾಖಲಿಸಿ ಸುಬ್ಬಕೃಷ್ಣನ ಮನೆಗೆ ನಡೆದ.

"ದೇವರಾಣೆ ಗೊತ್ತಿಲ್ಲ ಸಾರ್. ನಾನೇಳೋ ಹೊತ್ಗೆ ಇಬ್ರೂ ಇರ್ಲಿಲ್ಲ."

"ಯಾವುದಾದ್ರೂ ಹೋಟ್ಲು, ಛತ್ರ?"

"ನಮ್ಮಮ್ಮನಾ? ಮಡಿ ಅಂದ್ರೆ ಮಡಿ. ಅಪ್ಪ ಹೋದಾಗಿಂದ ಹೊರಗಡೆ ತೊಟ್ಟು ನೀರು ಕುಡಿದಿಲ್ಲ."

ನೆರೆಯವರೂ ಅದನ್ನೇ ಹೇಳಿದರು. ಆಕೆಯ ನೀರಿನ ಚೊಂಬು ಅಡುಗೆಮನೆಯಲ್ಲಿಲ್ಲ ಎಂದು ಪಂಚನಾಮೆಯಲ್ಲಿ ಬರೆದಾಯಿತು. ಚಿಕ್ಕಬೀರಯ್ಯ ಪೇದೆ ಕದರಯ್ಯನಿಗೆ, "ಹೋಟ್ಲುಗಳನ್ನ ಬುಡು, ನೆಂಟರ ಮನೆ ನೋಡು" ಎಂದ. ಅವನು ಮಾಡಿದ ತಪ್ಪು ಅದೇ.

ಇಬ್ಬರೂ ಕಡಬದಲ್ಲಿ ಇಳಿದರೆಂದು ಬಸ್ ಕಂಡಕ್ಟರ್ ಹೇಳಿದ. ಅಲ್ಲಿದ್ದ ನೆಂಟರ ಮನೆಗೆ ಬೀಗ. ಬಟ್ಟೆ ಒಗೆಯುತ್ತಿದ್ದ ರಂಗಮ್ಮ ಕೆರೆಯತ್ತ ಕೈ ತೋರಿಸಿದಳು. "ಅಜ್ಜಿ ಮಗಿನ ಕೈ ಹಿಡ್ಕಂಡು ಏರಿ ಮ್ಯಾಲೆ ಹೋಯ್ತಿತ್ತು ಸ್ವಾಮಿ."

ಏರಿಯ ಕೆಳಗೆ, ನೀರಿನಂಚಿನಲ್ಲಿ, ಹಿತ್ತಾಳೆ ಚೊಂಬು ಉರುಳಿಬಿದ್ದಿತ್ತು.

ಜೀಪಿನಲ್ಲೇ ಬಂದಿದ್ದ ಶಾರದ ಅದನ್ನು ನೋಡಿ ಏರಿ ಇಳಿದು ಓಡಿದಳು. ಊರಿನಿಂದ ಕರೆಸಿದ ಈಜುಗಾರರು ಮುಳುಗಿ ಮುಳುಗಿ ಎದ್ದರು. ಪ್ರತಿ ಸಲ ಅವರ ತಲೆ ಮೇಲೆ ಬಂದಾಗಲೂ ಚಿಕ್ಕಬೀರಯ್ಯ ಅವರ ಕೈಗಳನ್ನು ನೋಡುತ್ತಿದ್ದ. ಅವನಿಗೂ ಅದೇ ವಯಸ್ಸಿನ ಮಗಳಿದ್ದಳು.

ಅಷ್ಟರಲ್ಲಿ ಊರೊಳಗೆ ವಿಚಾರಿಸಲು ಹೋಗಿದ್ದ ಕದರಯ್ಯ ಏದುಸಿರು ಬಿಡುತ್ತ ಓಡಿಬಂದ. "ಸಾರ್, ಬದುಕವ್ರೆ! ಅಜ್ಜಿ ಚೊಂಬಿಗೆ ನೀರು ತುಂಬಕ್ಕೆ ಇಳಿದಿತ್ತಂತೆ. ಕುಣಿಗಲ್ ಬಸ್ ಬಂತು ಅಂತ ಚೊಂಬು ಬಿಸಾಕಿ, ಮಗಿನ ಎತ್ಕಂಡು ಓಡ್ತಂತೆ."

ಕುಣಿಗಲ್ಲಿನಲ್ಲಿ ತುಳಸಮ್ಮನ ಸೋದರಸಂಬಂಧಿ ಸೀತಾರಾಮಯ್ಯ ಬಾಗಿಲು ಅರ್ಧ ತೆರೆದ.

"ಮಧ್ಯಾಹ್ನ ಬಂದಿದ್ರು. ನಮ್ಮನೇಲಿ ಹುಡುಗಿ ಮದುವೆ ಸಾರ್, ಕೋರ್ಟು ಪೊಲೀಸು ನಮಗ್ಯಾಕೆ? ಕಳಿಸಿಬಿಟ್ಟೆ."

"ಊಟ ಹಾಕಿದ್ರಾ?"

"ಇಲ್ಲ" ಎನ್ನುತ್ತ ಸೀತಾರಾಮಯ್ಯ ಬಾಗಿಲು ಮುಚ್ಚತೊಡಗಿದ.

ಚಿಕ್ಕಬೀರಯ್ಯನಿಗೆ ತನ್ನ ಮೇಲೇ ಸಿಟ್ಟು ಬಂತು. ಅಜ್ಜಿ ಹೊರಗೆ ತಿನ್ನುವುದಿಲ್ಲ, ಸರಿ. ಮಗುವಿನ ಹಸಿವಿಗೆ ಮಡಿ ಗೊತ್ತೇ?

ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲ್ಲಿನ ಮೂಲೆಯಲ್ಲಿ ಇಬ್ಬರೂ ಸಿಕ್ಕರು. ಮುಂದೆ ಒಂದೇ ತಟ್ಟೆ ಇಡ್ಲಿ. ಸಂಜೆ ಐದೂಕಾಲಕ್ಕೆ ದಸ್ತಗಿರಿಯಾಯಿತು. ಶಾರದ ಮಗಳನ್ನು ಬಾಚಿ ತಬ್ಬಿಕೊಂಡಳು.

ಕುಣಿಗಲ್ ಠಾಣೆಯಲ್ಲಿ ತುಳಸಮ್ಮ ಏನನ್ನೂ ಮುಚ್ಚಿಡಲಿಲ್ಲ.

"ಅಪ್ಪ ತಿಂಗಳಿಗೊಂದು ಸಲ ಮಗೂನ ನೋಡ್ಬಹುದು ಅಂತ ಕೋರ್ಟಿನೋರು ಬರ್ದಿದಾರಂತೆ. ಕೂಸಿದ್ದಾಗಿಂದ ಸಾಕಿದೋಳು ನಾನು. ನನ್ನ ಹೆಸರು ಎಲ್ಲಾದ್ರೂ ಇದೆಯಾ, ಓದಿ."

ಚಿಕ್ಕಬೀರಯ್ಯ ಮೊದಲಿಂದ ಕಡೆಯವರೆಗೆ ಓದಿದ. ಇರಲಿಲ್ಲ.

"ಇಷ್ಟು ವರ್ಷದ ಮಡಿ ಹೋಟ್ಲಲ್ಲಿ ಬಿಟ್ರಲ್ಲಮ್ಮ?"

"ನಾನು ತಿನ್ನದೆ ಅವಳು ಬಾಯಿ ತೆಗೆಯಲ್ಲ." ತುಳಸಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಶಾರದಂಗೆ ಹೇಳಿ. ಮೊದಲ ತುತ್ತು ಅವಳೇ ತಿಂದು ತೋರಿಸ್ಬೇಕು. ಇಲ್ದಿದ್ರೆ ಮಗು ಉಪವಾಸ ಮಲಗತ್ತೆ."

ಮಗಳನ್ನೆತ್ತಿಕೊಂಡು ಬಾಗಿಲಲ್ಲಿ ನಿಂತಿದ್ದ ಶಾರದ ಅದನ್ನು ಕೇಳಿಸಿಕೊಂಡಳು. ಅವಳಿಗೆ ಅದು ಗೊತ್ತಿರಲಿಲ್ಲ.