ಬಾಯಿಲ್ಲದವನ ವಿಡಿಯೋ

ನಂದೀಶ ಮಗ್ಗಗಳ ನಡುವೆ ಮಕಾಡೆ ಬಿದ್ದಿದ್ದ. ತಲೆಯ ಹಿಂಭಾಗ ಒಡೆದು, ಅರ್ಧ ನೇಯ್ದ ಸೀರೆಯ ಮೇಲೆಲ್ಲ ರಕ್ತ ಚಿಮ್ಮಿತ್ತು. ಮುಖ ಮಾತ್ರ ಎದುರಿನ ಕ್ಯಾಮೆರಾ ಕಡೆಗೆ ತಿರುಗಿತ್ತು. ಎಂಟು ಪವರ್‌ಲೂಮುಗಳೂ ಓಡುತ್ತಲೇ ಇದ್ದವು. ಅವನ್ನು ನಿಲ್ಲಿಸುವವರೆಗೆ ನನ್ನ ಮಾತು ನನಗೇ ಕೇಳಲಿಲ್ಲ. ಹದಿನಾರು ವರ್ಷದಿಂದ ಪೇದೆ ನಾನು, ಕೆಂಪರಾಜ್. ಆದರೂ ಮಧುರೆ ಊರಿನ ಆ ಶೆಡ್ಡಿನಿಂದ ಒಮ್ಮೆ ಹೊರಗೆ ಹೋಗಿ ಬರಬೇಕಾಯಿತು.

ಎರಡು ವರ್ಷದ ಹಿಂದೆ ಮೊಬೈಲಿನಲ್ಲಿ ಹರಿದಾಡಿದ ಕಥೆಯಿಂದ ಹುಟ್ಟಿದ ಭೂತ 'ಬಾಯಿಲ್ಲದವನು'. ಮೂಗಿನ ಕೆಳಗೆ ಬರೀ ಚರ್ಮ. ಕೂಗಿದರೂ ಕೇಳದ ಜಾಗದಲ್ಲಿ ಬಂದು ಕೊಲ್ಲುತ್ತಾನಂತೆ. ಆ ಕಥೆ ತನ್ನದೇ ಎಂದು ಹೇಳಿಕೊಂಡು ಸಿನಿಮಾ ತೆಗೆಯುತ್ತಿದ್ದವನು ಬೆಂಗಳೂರಿನ ವಸಂತ್. ನಟರೆಲ್ಲ ಈ ಶೆಡ್ಡಿನ ಮಗ್ಗದವರೇ. ಸಾಯುವ ಪಾತ್ರ ನಂದೀಶನದು, ಭೂತ ಅವನ ಗೆಳೆಯ ಲಕ್ಷ್ಮಯ್ಯ.

ಶೂಟಿಂಗಿಗೆ ಇಟ್ಟಿದ್ದ ಕ್ಯಾಮೆರಾದಲ್ಲಿ ಬೆಳಿಗ್ಗೆ ಏಳಕ್ಕೆ ನಡೆದದ್ದೆಲ್ಲ ಇತ್ತು. ಮುಖವಾಡ, ಕರಿ ಕೋಟಿನ ಬಾಯಿಲ್ಲದವನು ಕಬ್ಬಿಣದ ರಾಡಿನಿಂದ ಐದು ಏಟು ಹೊಡೆದಿದ್ದ. ಸದ್ದು ಮಾತ್ರ ಇರಲಿಲ್ಲ. ನಂದೀಶನ ಕಾಲರ್ ಮೈಕನ್ನು ಅಂಗಿಯ ಸಮೇತ ಹರಿದೊಯ್ದಿದ್ದರು; ಸದ್ದು ಹಿಡಿಯುವ ರೆಕಾರ್ಡರೂ ಮಾಯ. ರಕ್ತ ಮೆತ್ತಿದ ಮುಖವಾಡ ಲಕ್ಷ್ಮಯ್ಯನ ಸ್ಕೂಟರಿನ ಡಿಕ್ಕಿಯಲ್ಲಿ ಸಿಕ್ಕಿತು. ಜನ ಅವನ ಎರಡು ಹಲ್ಲು ಉದುರಿಸಿದರು. ನಂದೀಶನ ಹೆಂಡತಿ ಮಮತ ಚಪ್ಪಲಿಯಲ್ಲಿ ಹೊಡೆದಳು. ಅವನನ್ನು ಲಾಕಪ್ಪಿಗೆ ಹಾಕಿದೆವು. ಸಂಜೆ ಕೋರ್ಟಿಗೆ ಒಪ್ಪಿಸಬೇಕು. ಕೇಸು ಮುಗಿಯಿತೆಂದು ನಾನು ನಿರಾಳವಾಗಿದ್ದೆ.

ಎಸ್‌ಐ ಶಶಿರೇಖಾ ನಿರಾಳವಾಗಿರಲಿಲ್ಲ.

ವಸಂತನನ್ನು ಕೂರಿಸಿಕೊಂಡು ಕೇಳಿದರು. ಬೆಳಿಗ್ಗೆ ಏಳಕ್ಕೆ ಎಲ್ಲಿದ್ದಿರಿ? ರೂಮಿನಲ್ಲಿ ಮಲಗಿದ್ದನಂತೆ. ಕೋಟು, ಮುಖವಾಡ ಎಲ್ಲಿರುತ್ತಿದ್ದವು? ಶೆಡ್ಡಿನ ಮೊಳೆಯಲ್ಲೇ. ಆಮೇಲೆ ಕೇಳದಿದ್ದರೂ ಗೊಣಗಿದ.

"ಇವ್ರ ಹತ್ರ ಆ್ಯಕ್ಟಿಂಗ್ ಮಾಡ್ಸೋದೇ ಕರ್ಮ ಮೇಡಂ. ಎದುರಿಗಿರೋರ ಕಣ್ಣು ನೋಡಿ ಅಂದ್ರೆ ಬಾಯಿ ನೋಡ್ತಾರೆ."

ಮೇಡಂ ಬರೆಯುವುದನ್ನು ನಿಲ್ಲಿಸಿದರು. ಅವನು ಹೋದ ಮೇಲೆ ನನ್ನತ್ತ ತಿರುಗಿದರು.

"ಕೆಂಪರಾಜ್, ಅಷ್ಟು ದುಬಾರಿ ಕ್ಯಾಮೆರಾ ಬಿಟ್ಟು ಮೈಕ್ ಯಾಕೆ ಕಿತ್ಕೊಂಡು ಹೋದ?"

"ಜೇಬಲ್ಲಿ ಹಿಡಿಯುತ್ತೆ ಅಂತ ಇರ್ಬೇಕು ಮೇಡಂ."

ನನ್ನ ಬುದ್ಧಿ ಅಷ್ಟಕ್ಕೇ. ಅವರು ವಿಡಿಯೋ ತೋರಿಸಲು ಮಮತಳನ್ನು ಕರೆಸಿದರು. ಗಂಡ ಸಾಯುವುದನ್ನು ಹೆಂಡತಿಗೆ ತೋರಿಸುವುದೇ ಎಂದು ನನಗೆ ಸಿಟ್ಟು ಬಂತು. ಮಮತ ಮೊದಲು ಒಲ್ಲೆ ಎಂದಳು. ಹೊಡೆದವನು ಲಕ್ಷ್ಮಯ್ಯನೇ ಹೌದೋ ಅಲ್ಲವೋ ನೀನೇ ನೋಡಿ ಹೇಳು ಎಂದ ಮೇಲೆ ಕೂತಳು.

ಮೂರನೇ ಏಟಿಗೆ ನಂದೀಶ ಬಿದ್ದ. ಹೊಡೆಯುವವನನ್ನು ಬಿಟ್ಟು ಕ್ಯಾಮೆರಾ ಕಡೆ ಮುಖ ತಿರುಗಿಸಿದ. ಬಾಯಿ ದೊಡ್ಡದಾಗಿ, ನಿಧಾನವಾಗಿ ಆಡಿಸಿದ. ನೋವಿಗೆ ಬಾಯಿ ಬಿಡುತ್ತಿದ್ದಾನೆ ಅಂದುಕೊಂಡಿದ್ದೆ. ಮಮತಳ ತುಟಿಯೂ ಜೊತೆಗೇ ಅಲುಗಿತು.

"ಲಕ್ಷ್ಮಯ್ಯ ಅಲ್ಲ. ವಸಂತ ಹೊಡೀತವ್ನೆ. ಹೆಸ್ರು ಹಾಕ್ಸು ಅಂದಿದ್ದಕ್ಕೆ."

ಮೇಡಂ ವಸಂತನನ್ನು ಹಿಡಿದು ತರಿಸಿ, ಅವನ ಕಾರು ಶೋಧಿಸಲು ಹೇಳಿದರು.

ರೆಕಾರ್ಡರ್ ವಸಂತನ ಕಾರಿನ ಸ್ಟೆಪ್ನಿ ಅಡಿಯಲ್ಲಿ ಸಿಕ್ಕಿತು. ಬಾಯಿಲ್ಲದವನ ಮೊದಲ ಬರಹ ಇದ್ದದ್ದು ನಂದೀಶನ ಮೊಬೈಲಿನಲ್ಲಿ. ಸಿನಿಮಾದಲ್ಲಿ ತನ್ನ ಹೆಸರು ಬರಲಿ ಎಂದಷ್ಟೇ ಅವನು ಕೇಳಿದ್ದ. ಕೊಟ್ಟರೆ ವಸಂತನ ಸುಳ್ಳು ಬಯಲಾಗುತ್ತಿತ್ತು.

ಮೇಡಂ ಅವನಿಗೆ ತಣ್ಣಗೆ ಹೇಳಿದರು: "ಭೂತದ ಕೋಟು ಕಂಡ್ರೆ ಲಕ್ಷ್ಮಯ್ಯನೇ ಅಂದ್ಕೋತೀವಿ, ಅದಕ್ಕೇ ಕ್ಯಾಮೆರಾ ಬಿಟ್ರಿ, ಮುಖವಾಡ ಅವ್ನ ಸ್ಕೂಟರಿಗೆ ಹಾಕಿದ್ರಿ. ಹೊಡೆಯೋವಾಗ ಕಿವಿ ಹತ್ರ ಬಗ್ಗಿ ಬೈದ್ರಿ, ಆ ದನಿ ಮೈಕಿಗೆ ಬಿತ್ತು, ಅದಕ್ಕೇ ಕಿತ್ರಿ. ಮಗ್ಗದ ಗದ್ದಲದಲ್ಲಿ ಯಾರಿಗೂ ಕಿವಿ ಕೇಳಲ್ಲ ಕಣ್ರಿ. ಹುಟ್ಟಿದಾಗಿಂದ ತುಟಿ ನೋಡೇ ಮಾತಾಡೋ ಜನ. ನಮ್ಮಮ್ಮನೂ ಹಂಗೇ. ಒಂದು ತಿಂಗ್ಳು ಇವ್ರ ಜೊತೆ ಇದ್ದು, ಬಾಯಿ ನೋಡೋದನ್ನೇ ಬೈತಿದ್ರಿ."



ನಾನು ಮಮತಳ ಹೇಳಿಕೆ ಬರೆದುಕೊಂಡೆ. ಕೊನೆಯ ಏಟಿಗೆ ಮೊದಲು ನಂದೀಶನ ತುಟಿ ಇನ್ನೊಂದು ಸಲ ಅಲುಗಿತ್ತಲ್ಲ, ಅದೇನೆಂದು ಮಮತಳನ್ನು ಕೇಳಿದೆ.

"ಅದು ಕೇಸಿಗೆ ಬ್ಯಾಡ ಸಾರ್. ನಂಗೆ ಹೇಳಿದ್ದು."

ಅವಳು ಎದ್ದು ಲಾಕಪ್ಪಿನ ಸರಳಿನ ಮುಂದೆ ನಿಂತಳು. ದನಿಯಿಲ್ಲದೆ ಏನೋ ಹೇಳಿದಳು. ಲಕ್ಷ್ಮಯ್ಯ ಅವಳ ತುಟಿಯನ್ನೇ ನೋಡಿದ. ಒಡೆದ ಬಾಯಿಯನ್ನು ಕೈಯಲ್ಲಿ ಮುಚ್ಚಿಕೊಂಡು ಅತ್ತ. ನಾನು ಬೀಗ ತೆಗೆದೆ.