ಭೀಮಣ್ಣನ ಹೆಬ್ಬೆಟ್ಟು

ಅರವತ್ತು ಸಾವಿರ ರೂಪಾಯಿ ಬಂದದ್ದೂ ನಿಜ, ಹೋದದ್ದೂ ನಿಜ. ಬಂದದ್ದು ಜನವರಿ ಇಪ್ಪತ್ತೆರಡಕ್ಕೆ, ಹೋದದ್ದು ಇಪ್ಪತ್ತೆಂಟಕ್ಕೆ. ಸೂರತ್ತಿನ ಉಧ್ನಾದ ಬ್ಯಾಂಕಿನಲ್ಲಿ ಪ್ರಿಂಟರ್ ಕರಕರ ಸದ್ದು ಮಾಡಿ ಪಾಸ್‌ಬುಕ್ಕಿನ ಮೇಲೆ ಆ ಎರಡು ಸಾಲು ಒತ್ತಿ ಹೊರಗೆ ತಳ್ಳಿತು. ಓದಿದ ಒಂಬತ್ತು ಜನರೂ ಹತ್ತನೆಯವನ ಮುಖ ನೋಡಿದರು.

ಹತ್ತನೆಯವನು ಭೀಮಸೇನ, ಐತಾಳರ ಹೋಟೆಲಿನಲ್ಲಿ ಇಪ್ಪತ್ತೇಳು ವರ್ಷ ದೋಸೆ ಹೊಯ್ದ ಭೀಮಣ್ಣ. ಹಣ ಇದ್ದದ್ದು ಅವನ ಖಾತೆಯಲ್ಲಿ. ಹಣ ತೆಗೆದ ಚೀಟಿಯ ಮೇಲೆ ಇದ್ದದ್ದು ಹೆಬ್ಬೆಟ್ಟಿನ ಗುರುತು. ಆ ಹತ್ತು ಜನರಲ್ಲಿ ಹೆಬ್ಬೆಟ್ಟು ಒತ್ತುವವನು ಅವನೊಬ್ಬನೇ.

"ಇನ್ನ ಪತ್ತೆ ಮಾಡೂದು ಏನ್ ಉಳೀತು?" ಅಂದರು ಗುಂಡಪ್ಪ. ಸೋಮವಾರ ಬೆಳಿಗ್ಗೆ, ವಡೋದರಾದಿಂದ ಸೂರತ್ತಿಗೆ ಹೊರಟ ರೈಲಿನಲ್ಲಿ, ಕಿಟಕಿ ಪಕ್ಕ.

"ದುಡ್ಡು ತಿಂದಾಂವ ತಾನೇ ಫೋನ್ ಮಾಡಿ ನನ್ನ ಕರೀತಾನೇನ್ರಿ?" ಅಂದರು ಅವರ ಹೆಂಡತಿ ಪಾರ್ವತಿ.

"ಜಾಣ ಕಳ್ಳ ಆಗಿದ್ರ ಕರದಾನು."

ಪಾರ್ವತಿ ಮೂವತ್ತೊಂದು ವರ್ಷ ಬ್ಯಾಂಕಿನ ತಪಾಸಣಾ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಎಂಥೆಂಥ ಮ್ಯಾನೇಜರುಗಳು ಅವರ ಕನ್ನಡಕ ಕಂಡರೆ ನೀರು ಕುಡಿಯುತ್ತಿದ್ದರಂತೆ. ಗುಂಡಪ್ಪ ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು. ವಡೋದರಾದ ಮಂಜಲ್‌ಪುರದ ಮನೆಯಲ್ಲಿ ಈಗ ಅವರಿಗೆ ಹಸಿರು ಬಾವುಟ ತೋರಿಸುವುದೂ ಹೆಂಡತಿಯೇ, ಕೆಂಪು ತೋರಿಸುವುದೂ ಹೆಂಡತಿಯೇ. ಪಾರ್ವತಿಗೆ ಸೂರತ್ತಿಗೆ ವರ್ಗವಾಗಿದ್ದ ಆರು ವರ್ಷ ಇಬ್ಬರೂ ಭೀಮಣ್ಣನ ದೋಸೆ ತಿಂದೇ ದಿನ ದೂಡಿದ್ದರು. ಆ ಋಣ ಇತ್ತು.

"ಆ ಅರವತ್ತು ಸಾವಿರ ಕೊಟ್ಟ ಬ್ಯಾಂಕಿನ ಯೋಜನೆ ಏನದು, ಸರಿಯಾಗಿ ಹೇಳು ನೋಡೋಣ," ಅಂದರು ಗುಂಡಪ್ಪ.

"ಸಂಬಳದ ಖಾತೆ ಹಳೇ ಬ್ಯಾಂಕಿನಿಂದ ಹೊಸಾ ಬ್ಯಾಂಕಿಗೆ ಬದಲಿ ಮಾಡಬೇಕು. ಮೂರು ತಿಂಗಳ ಸಂಬಳ ಅಲ್ಲೇ ಬೀಳಬೇಕು, ವಿಮಾ ಕಂತು ಅಲ್ಲಿಂದನೇ ಹೋಗಬೇಕು. ತಲಿಗೆ ಆರು ಸಾವಿರ ಬಹುಮಾನ. ಆದ್ರ ಒಂದೇ ಕಡೆ ದುಡಿಯೋ ಹತ್ತು ಮಂದಿ ಕೂಡಿ ಬರಬೇಕು. ದುಡ್ಡು ಒಟ್ಟಿಗೆ ಹಿರಿಯಾನ ಖಾತೆಗೆ ಬೀಳತದ, ಅಲ್ಲಿಂದ ಹಂಚಿಕೋಬೇಕು."

"ನಲವತ್ತು ವರ್ಷ ಒಂದೇ ಬ್ಯಾಂಕು ನಂದು. ಒಂದ್ ಕಪ್ ಚಾ ಕೊಟ್ಟಿಲ್ಲ."

"ನೀವು ಬಿಟ್ಟು ಹೋಗೂದಿಲ್ಲಂತ ಅವರಿಗೆ ಗೊತ್ತದ. ಅದಕ್ಕ ಕೊಟ್ಟಿಲ್ಲ."

ಗುಂಡಪ್ಪ ಕಿಟಕಿಯ ಹೊರಗೆ ನೋಡಿದರು.

ಉಧ್ನಾದಲ್ಲಿ ಇಳಿದು ಹೋಟೆಲಿಗೆ ಹೋದಾಗ ಹತ್ತು ಗಂಟೆ. ಮಾಲೀಕ ಸುಬ್ರಹ್ಮಣ್ಯ ಐತಾಳರು ಬಾಗಿಲಲ್ಲೇ ಸಿಕ್ಕರು. ಸಾಲಿಗ್ರಾಮದ ಕಡೆಯವರು. ಹದಿನೆಂಟು ವರ್ಷ ಬೇರೆಯವರ ಹೋಟೆಲಿನಲ್ಲಿ ದೋಸೆಕಾವಲಿಯ ಮುಂದೆ ನಿಂತು, ಆಮೇಲೆ ಸ್ವಂತದ್ದು ತೆರೆದವರು. ಮುಖ ಇಳಿದುಹೋಗಿತ್ತು.

"ನೀವು ಬಂದದ್ದು ಒಳ್ಳೆಯದಾಯಿತು ಮೇಡಂ. ಆದ್ರೆ ಇದ್ರಲ್ಲಿ ಹುಡುಕುವುದು ಎಂತ ಉಂಟು? ಪೊಲೀಸರಿಗೆ ಕೊಟ್ರೆ ಅವನ ಮಾನ ಹೋಗ್ತದೆ, ನನ್ನ ಹೋಟೆಲಿನದ್ದೂ ಹೋಗ್ತದೆ. ಸಂಜೆ ರೈಲಿಗೆ ಟಿಕೆಟ್ ತೆಗೆಸಿದ್ದೇನೆ. ಊರಿಗೆ ಹೋಗಲಿ."

"ಅವನ ಪಾಲಿಗೂ ಆರು ಸಾವಿರ ಬರೂದಿತ್ತಲ್ರೀ?"

"ಇತ್ತು. ಅರವತ್ತು ಕಂಡ ಮೇಲೆ ಆರು ಯಾರಿಗೆ ಬೇಕು?"

ಮಹಡಿಯ ಮೇಲೆ ಕೆಲಸಗಾರರ ಕೋಣೆ. ಭೀಮಣ್ಣ ಗೋಡೆಗೊರಗಿ ಕೂತಿದ್ದ. ಎದುರಿಗೆ ಅವನ ತಗಡಿನ ಟ್ರಂಕು ಬಾಯಿ ತೆರೆದಿತ್ತು. ಬಟ್ಟೆಗಳೆಲ್ಲ ನೆಲದ ಮೇಲೆ ಚೆಲ್ಲಾಪಿಲ್ಲಿ ಬಿದ್ದಿದ್ದವು. ಒಂದು ರೇಷ್ಮೆ ಶಾಲು, ಮಗಳ ಶಾಲೆಯ ಫೋಟೋ, ನಾಲ್ಕು ಪಂಚೆ.

"ಇದೇನಪ್ಪಾ ಇದು?" ಅಂದರು ಗುಂಡಪ್ಪ.

"ನಿನ್ನೆ ಮಧ್ಯಾಹ್ನ ಎಲ್ಲರ ಎದುರು ತೆಗೆಸಿ ನೋಡಿದ್ರು, ಅಣ್ಣ. ದುಡ್ಡು ಉಂಟಾ ಅಂತ." ಭೀಮಣ್ಣನ ದನಿ ಸಣ್ಣದಾಗಿತ್ತು, ಆದರೆ ನಡುಗಲಿಲ್ಲ. "ನಾನು ಒಳಗೆ ಇಡುವುದಿಲ್ಲ. ತೆಗೆದವರೇ ಇಡಲಿ."

"ಟಿಕೆಟ್?"

"ಕಳ್ಳ ಅಂತ ಹೇಳಿಸಿಕೊಂಡು ನಾನು ಊರಿಗೆ ಹೋಗುವುದಿಲ್ಲ, ಪಾರ್ವತಕ್ಕ. ಎಲ್ಲಿಗೆ ಹೋಗುವುದು ಅಂತಲೂ ಗೊತ್ತಿಲ್ಲ."

ಪಾರ್ವತಿ ನೆಲದ ಮೇಲೆ ಅವನೆದುರಿಗೇ ಕೂತರು.

"ಇಪ್ಪತ್ತೆಂಟನೇ ತಾರೀಖು ಮಧ್ಯಾಹ್ನ ಮೂರೂಕಾಲಿಗೆ ದುಡ್ಡು ತಗದಾರಂತ ಬ್ಯಾಂಕಿನವರು ಹೇಳ್ಯಾರ. ಆಗ ಎಲ್ಲಿದ್ದಿ?"

"ಇಲ್ಲೇ. ಮೂರರಿಂದ ನಾಲ್ಕರವರೆಗೆ ಅಡುಗೆಮನೆ ಬಂದ್. ಮಲಗಿದ್ದೆ."

"ಯಾರರೆ ನೋಡಿದ್ರಾ?"

"ಎಲ್ಲರೂ ಸಿನೆಮಾಕ್ಕೆ ಹೋಗಿದ್ರು."

"ಸಹಿ ಯಾಕ ಮಾಡೂದಿಲ್ಲ ನೀನು?"

"ಎರಡನೇ ಕ್ಲಾಸಿಗೆ ಬಿಟ್ಟವನು ನಾನು. ಒಂದು ಸಲ ಹಾಕಿದ ಹಾಗೆ ಇನ್ನೊಂದು ಸಲ ಬರುವುದಿಲ್ಲ. ಹಳೇ ಬ್ಯಾಂಕಿನವರೇ ಹೆಬ್ಬೆಟ್ಟು ಒತ್ತು ಅಂದ್ರು."

"ಪಾಸ್‌ಬುಕ್ ಎಲ್ಲಿ ಇಡ್ತಿದ್ದಿ?"

"ಎಲ್ಲರದ್ದೂ ಕೆಳಗೆ, ಗಲ್ಲಾದ ಡ್ರಾಯರಿನಲ್ಲಿ. ಕೀಲಿ ಐತಾಳರ ಹತ್ರ ಒಂದು, ಅನಿಲನ ಹತ್ರ ಒಂದು. ಖಾತೆ ಮಾಡಿಸಿದ ಬ್ಯಾಂಕಿನ ಏಜೆಂಟ್ ನಿತಿನ್ ಬಂದ್ರೆ ಅವನೂ ತೆಗೀತಾನೆ."

ಕೆಳಗೆ ಗಲ್ಲಾದಲ್ಲಿ ಅನಿಲ್ ಕೂತಿದ್ದ. ಐತಾಳರ ತಂಗಿಯ ಮಗ. ಸೂರತ್ತಿನಲ್ಲೇ ಹುಟ್ಟಿ ಬೆಳೆದವನು, ಇಪ್ಪತ್ತಾರರ ಪ್ರಾಯ. ಮನೆಯ ಹುಡುಗ, ಸಂಬಳದ ಪಟ್ಟಿಯಲ್ಲಿ ಅವನ ಹೆಸರಿಲ್ಲ; ಹಾಗಾಗಿ ಆ ಹತ್ತು ಜನರಲ್ಲೂ ಇಲ್ಲ. ನೋಟಿನ ಕಟ್ಟನ್ನು ಎಡಗೈ ಹೆಬ್ಬೆರಳಿನಿಂದ ಸರಸರ ಸರಿಸುತ್ತಿದ್ದ. ಆ ಬೆರಳಿನ ತುದಿಯಲ್ಲಿ ಓರೆಯಾಗಿ ಒಂದು ಬಿಳಿ ಗೆರೆ ಕಂಡಿತು.

"ಏನಾತಪ್ಪ ಬೆರಳಿಗೆ?" ಗುಂಡಪ್ಪ ಸುಮ್ಮನೆ ಮಾತಿಗೆ ಕೇಳಿದರು.

"ಇದಾ? ಉತ್ತರಾಯಣ, ಅಂಕಲ್. ಗಾಳಿಪಟದ ದಾರಕ್ಕೆ ಗ್ಲಾಸ್ ಪೌಡರ್ ಹಚ್ಚಿರ್ತಾರಲ್ಲ, ಮಾಂಜಾ, ಅದರಿಂದ ಕಟ್ ಆಯ್ತು. ಸ್ಕೂಲ್ ಟೈಮ್‌ದು."

"ಭೀಮಣ್ಣನ ವಿಷಯ ಏನಂತಿ?" ಅಂದರು ಪಾರ್ವತಿ.

"ಪಾಪ, ಬಹುತ್ ಅಚ್ಛಾ ಆದ್ಮಿ. ಆದ್ರೆ ಥಂಬ್ ಅವರದೇ ಅಲ್ವಾ, ಆಂಟಿ? ಅದಕ್ಕೆ ಯಾರು ಏನು ಮಾಡಕ್ಕಾಗುತ್ತೆ?"

"ನಿತಿನ್ ಎಲ್ಲರ ಖಾತೆ ಮಾಡಿಸಿದ ದಿನ ನೀನೂ ಇದ್ದೇನು?"

"ಇಲ್ಲ ಇಲ್ಲ. ನಾನು ಅಹಮದಾಬಾದ್‌ನಲ್ಲಿ ಇದ್ದೆ. ನವರಾತ್ರಿ ಗರ್ಬಾ. ಮಾಮಾನ ಕೇಳಿ."

ಮಾಮಾ ದೂರದಿಂದಲೇ ಹೌದೆಂದು ತಲೆಯಾಡಿಸಿದರು.

ಆಮೇಲೆ ಭೀಮಣ್ಣನನ್ನು ಕರೆದುಕೊಂಡು ಬ್ಯಾಂಕಿಗೆ. ಹೊಸ ಕಟ್ಟಡ, ಹೊಸ ಸೋಫಾ, ಗೋಡೆಯ ಮೇಲೆ 'ಬದಲಾಯಿಸಿ, ಗಳಿಸಿ' ಅನ್ನುವ ಅರ್ಥದ ಗುಜರಾತಿ ಬ್ಯಾನರ್. ಹಣ ಕೊಟ್ಟ ಹುಡುಗಿ ತರಬೇತಿಗೆ ಬೇರೆ ಊರಿಗೆ ಹೋಗಿದ್ದಳು. ಕ್ಯಾಮರಾ ತೋರಿಸಲು ಪೊಲೀಸರ ಪತ್ರ ಬೇಕಂತೆ. ಚೀಟಿಯ ಬಣ್ಣದ ನಕಲನ್ನು ಮಾತ್ರ ಖಾತೆದಾರನೇ ಕೇಳಿದ್ದರಿಂದ ಮ್ಯಾನೇಜರ್ ಕೊಟ್ಟರು.

ಗುಂಡಪ್ಪ ಇಣುಕಿದರು. ನೇರಳೆ ಬಣ್ಣದ ದುಂಡು ಹೆಬ್ಬೆಟ್ಟು, ಚೆಂದವಾಗಿ ಬಿದ್ದಿತ್ತು. ನಡುವೆ ಕಾಗದ ಮಡಿಸಿದಂತೆ ಒಂದು ಓರೆ ಗೆರೆ. ಪಕ್ಕದಲ್ಲಿ ಸಾಕ್ಷಿಯ ಸಹಿ: ನಿತಿನ್.

"ಸಿಕ್ಕ ನೋಡು," ಅಂದರು ಗುಂಡಪ್ಪ. "ಏಜೆಂಟೇ."

"ಗಾಡಿ ನಿಲ್ಲಿಸ್ರಿ. ಅವನನ್ನೂ ಕೇಳೋಣ."

ನಿತಿನ್‌ನನ್ನು ಮೂರು ಗಂಟೆಗೆ, ಗಿರಾಕಿಗಳಿಲ್ಲದ ಹೊತ್ತಿಗೆ, ಹೋಟೆಲಿಗೇ ಕರೆಸಿದರು. ಗುಜರಾತಿನ ಹುಡುಗ, ಕೊರಳಲ್ಲಿ ಬ್ಯಾಂಕಿನ ಕಾರ್ಡು, ಹಣೆಯಲ್ಲಿ ಬೆವರು. ಹಿಂದಿಯಲ್ಲಿ ಮಾತಾಡಿದ.

"ಸಹಿ ನಿಂದೇ ಹೌದೋ?"

"ನನ್ನದೇ, ಮೇಡಂ. ಖಾತೆ ಮಾಡಿದ ದಿನವೇ ಖಾಲಿ ಚೀಟಿಗೆ ಸಾಕ್ಷಿ ಹಾಕಿ ಪಾಸ್‌ಬುಕ್ಕಿನಲ್ಲಿ ಇಟ್ಟಿದ್ದೆ. ಪ್ರತಿ ಸಲ ಇವರು ನನ್ನನ್ನು ಹುಡುಕಿಕೊಂಡು ಬರೋದು ಬೇಡ ಅಂತ. ತಪ್ಪಾಯಿತು."

"ತಪ್ಪಲ್ಲ, ಅದು ಅಪರಾಧ. ನಾನು ನೌಕರಿಯೊಳಗ ಇದ್ದಿದ್ರ ನಿನಗ ಇವತ್ತೇ ಮನೀಗೆ ಕಳಸ್ತಿದ್ದೆ." ಪಾರ್ವತಿ ಇದನ್ನು ಕನ್ನಡದಲ್ಲೇ ಅಂದರು, ಅವನಿಗೆ ಅರ್ಥವಾಯಿತು. ಮುಂದಿನದನ್ನು ಹಿಂದಿಯಲ್ಲಿ ಕೇಳಿದರು. "ಆ ದಿನ ಎಲ್ಲರ ಖಾತೆಯೂ ಸಲೀಸಾಗಿ ಆಯಿತಾ?"

"ಒಂಬತ್ತು ಜನರದ್ದು ಐದೈದು ನಿಮಿಷ. ಭೀಮಣ್ಣನದ್ದು ಮಾತ್ರ ಒಂದು ಗಂಟೆ. ಬೆರಳಿಟ್ಟರೆ ಮಷೀನು ಕೆಂಪು ದೀಪ ತೋರಿಸ್ತಿತ್ತು. ನಾಲ್ಕು ಸಲ. ಕೊನೆಗೆ ಮುಖ ತೋರಿಸಿ ಮಾಡಿದೆ."

ಪಾರ್ವತಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಗುಂಡಪ್ಪನವರಿಗೆ ಆ ಒರೆಸುವಿಕೆ ಗೊತ್ತು. ಗಾಡಿ ಸ್ಟೇಷನ್ನಿಗೆ ಬಂತು ಅಂತ ಅರ್ಥ.

"ಏನ್ರೀ, ಗಲ್ಲಾದ ಮ್ಯಾಲಿನ ಸ್ಟಾಂಪ್ ಪ್ಯಾಡ್ ತರ್ರಿ. ಒಂದು ಬಿಳೀ ಹಾಳಿ. ಐತಾಳರ, ಎಲ್ಲರನ್ನೂ ಕರೀರಿ."

ಅಡುಗೆಮನೆಯವರೆಲ್ಲ ಬಂದು ಮೇಜಿನ ಸುತ್ತ ನಿಂತರು. ಭೀಮಣ್ಣ ಕೊನೆಗೆ ಇಳಿದು ಬಂದ. ಯಾರೂ ಅವನಿಗೆ ಜಾಗ ಬಿಡಲಿಲ್ಲ. ಗುಂಡಪ್ಪ ತಮ್ಮ ಕುರ್ಚಿ ಬಿಟ್ಟುಕೊಟ್ಟರು.

"ಭೀಮಣ್ಣ, ಎಡಗೈ ಹೆಬ್ಬೆಟ್ಟು ಒತ್ತು."

ಒತ್ತಿದ. ಹಾಳೆಯ ಮೇಲೆ ಒಂದು ನೇರಳೆ ಮಚ್ಚೆ ಬಿತ್ತು. ಒಳಗೆ ಸುರುಳಿಯಿಲ್ಲ, ಗೆರೆಯಿಲ್ಲ. ಇನ್ನೊಮ್ಮೆ ಒತ್ತಿಸಿದರು. ಅದೇ ಮಚ್ಚೆ.

"ಈಗ ಬ್ಯಾಂಕಿನ ಚೀಟಿ ನೋಡ್ರಿ. ಒಂದೊಂದು ಗೆರಿ ಎಣಿಸಬಹುದು. ಹೆಬ್ಬೆಟ್ಟು ಐತಿ, ಅಂದ್ರ ಭೀಮಣ್ಣಂದು ಅಂತ ಎಲ್ಲಾರೂ ಅಂದ್ರಿ. ಆ ಹೆಬ್ಬೆಟ್ಟಿನೊಳಗ ಏನದ ಅಂತ ಒಬ್ಬರೂ ನೋಡಲಿಲ್ಲ. ಇಪ್ಪತ್ತೇಳು ವರ್ಷ ಕಾದ ಹಂಚಿನ ಮ್ಯಾಲೆ ದೋಸಿ ಅಂಚು ಎಬ್ಬಿಸಿದ ಬೆರಳಿದು. ಗೆರಿ ಎಲ್ಲಿ ಉಳೀಬೇಕು?"

ಒಳಗೆ ಯಾರೋ ನಿಲ್ಲಿಸದೆ ಬಂದ ನಲ್ಲಿಯ ನೀರಿನ ಸದ್ದು ಕೇಳುತ್ತಿತ್ತು. ಯಾರೂ ಹೋಗಲಿಲ್ಲ.

"ಹಂಗಾದ್ರ ಯಾರು?" ಅಂದರು ಗುಂಡಪ್ಪ. ಕೇಳುವ ಕೆಲಸ ಯಾವಾಗಲೂ ಅವರದೇ.

"ಡ್ರಾಯರ್ ತಗಿಯೋರು ಮೂರು ಮಂದಿ. ಐತಾಳರ, ನೀವು ಒತ್ತರಿ."

ಐತಾಳರು ಒತ್ತಿದರು. ಮತ್ತೊಂದು ಮಚ್ಚೆ. ಹದಿನೆಂಟು ವರ್ಷದ ಕಾವಲಿ ಅವರ ಬೆರಳನ್ನೂ ಬಿಟ್ಟಿರಲಿಲ್ಲ. ಅವರು ತಮ್ಮ ಬೆರಳನ್ನೇ ಹೊಸದಾಗಿ ಕಂಡವರಂತೆ ನೋಡಿಕೊಂಡರು.

"ನೀವಲ್ಲ. ನಿತಿನ್‌ಗ ಭೀಮಣ್ಣನ ಬೆರಳು ಮಷೀನಿಗೆ ಸಿಗೂದಿಲ್ಲಂತ ನಾಲ್ಕು ಸಲ ಗೊತ್ತಾಗೇದ. ಅಂವ ಮೋಸ ಮಾಡೂದಿದ್ರ ಇಷ್ಟು ಚೆಂದದ ಹೆಬ್ಬೆಟ್ಟು ಒತ್ತತಿರಲಿಲ್ಲ, ಹಿಂಗ ಮಸುಕು ಮಾಡತಿದ್ದ. ಒತ್ತಿದಾಂವ ಯಾರು? ಖಾತೆ ಮಾಡಿದ ದಿನ ಇಲ್ಲಿ ಇರದಾಂವ. ಒಂದು ದಿನಾನೂ ಹಂಚಿನ ಮುಂದ ನಿಲ್ಲದಾಂವ. ದಿನಾ ತಿನ್ನೋ ದೋಸಿ ಯಾರ ಬೆರಳು ಸುಟ್ಟು ಬರತದ ಅಂತ ಒಮ್ಮೆನೂ ನೋಡದಾಂವ." ಪಾರ್ವತಿ ಪ್ಯಾಡನ್ನು ಮೇಜಿನ ಆ ತುದಿಗೆ ಸರಿಸಿದರು. "ಅನಿಲ್, ಬಾರಪ್ಪ. ಎಡಗೈ."

ಅನಿಲ್ ಎಡಗೈಯನ್ನು ಜೇಬಿಗೆ ಇಳಿಸಿದ.

ಆಗ ಗುಂಡಪ್ಪನವರಿಗೆ ಥಟ್ಟನೆ ಹೊಳೆಯಿತು. ಚೀಟಿಯನ್ನು ಎತ್ತಿ ಬೆಳಕಿಗೆ ಹಿಡಿದರು. ಆ ಓರೆ ಗೆರೆ ಹೆಬ್ಬೆಟ್ಟಿನ ಅಂಚಿಗೇ ನಿಂತಿತ್ತು, ಕಾಗದದ ಮೇಲೆ ಮುಂದೆ ಹೋಗಿರಲಿಲ್ಲ.

"ಇದು ಮಡಿಕಿ ಅಲ್ಲ, ಪಾರ್ವತಿ. ಮಾಂಜಾ."

"ಈಗ ಕಂಡಿತಲ್ಲ," ಅಂದರು ಪಾರ್ವತಿ.

"ಅನಿಲ್," ಐತಾಳರ ದನಿ ಒಡೆಯಿತು. "ಕೈ ತೆಗಿ."

ಅವನು ತೆಗೆಯಲಿಲ್ಲ. ಮಾತಾಡಿದ. "ವಾಪಸ್ ಇಡ್ತಿದ್ದೆ, ಮಾಮಾ. ಕಸಮ್ ಸೇ. ಅಹಮದಾಬಾದ್‌ನಲ್ಲಿ ಒಂದು ಬ್ಯಾಂಕ್ ಆಫರ್ ಉಂಟು. ಒಂದು ಲಾಖ್ ತ್ರೀ ಮಂತ್ಸ್ ಇಟ್ರೆ ಟ್ವೆಂಟಿ ಥೌಸಂಡ್ ಬೋನಸ್. ನನ್ನ ಹತ್ರ ಫಾರ್ಟಿ ಇತ್ತು, ಸಿಕ್ಸ್ಟಿ ಕಮ್ಮಿ. ಇವ್ರು ಪಾಸ್‌ಬುಕ್ ನೋಡೋದೇ ಇಲ್ಲ, ಏಪ್ರಿಲ್‌ನಲ್ಲಿ ಹಾಕಿದ್ರೆ ಯಾರಿಗೂ ಗೊತ್ತಾಗಲ್ಲ ಅಂತ..."

"ಬ್ಯಾಂಕಿನೊಳಗ ಏನಂತ ಹೇಳಿದಿ?"

"ಭೀಮಣ್ಣ ಹೊರಗೆ ರಿಕ್ಷಾದಲ್ಲಿ ಇದ್ದಾರೆ, ಕಾಲು ನೋವು ಅಂದೆ. ಡೈಲಿ ಕ್ಯಾಶ್ ಕಟ್ಟೋಕೆ ಹೋಗ್ತೀನಲ್ಲ, ನಂಬಿದ್ರು."

"ನಿನ್ನೆ ಟ್ರಂಕ್ ತೆಗೆಸುವಾಗ ನೀನೂ ಇದ್ದಿಯಲ್ಲ," ಅಂದ ಭೀಮಣ್ಣ. ಬೆಳಿಗ್ಗೆಯಿಂದ ಅವನು ತಾನಾಗಿ ಆಡಿದ ಮೊದಲ ಮಾತು. "ನೀನೇ ಬಗ್ಗಿ ಪಂಚೆ ಎತ್ತಿ ನೋಡಿದೆ."

ಅನಿಲ್ ತಲೆ ತಗ್ಗಿಸಿದ. ಪಾರ್ವತಿ ಅವನ ಮೊಬೈಲನ್ನು ಮೇಜಿನ ಮೇಲೆ ಇಡಿಸಿ, ಅಲ್ಲೇ, ಎಲ್ಲರ ಎದುರು, ಅರವತ್ತು ಸಾವಿರವನ್ನು ಭೀಮಣ್ಣನ ಖಾತೆಗೆ ಹಾಕಿಸಿದರು. ನಿತಿನ್ ತನ್ನ ಫೋನಿನಲ್ಲಿ ಪರೀಕ್ಷಿಸಿ ಬಂತು ಅಂದ. ಬೋನಸ್ಸು ಅಲ್ಲಿಗೆ ಮುಗಿಯಿತು.

"ಪೊಲೀಸರಿಗೆ ಹೇಳಬೇಕೋ ಬೇಡವೋ, ಅದು ನಿನ್ನ ಮಾತು, ಭೀಮಣ್ಣ. ಐತಾಳರದ್ದಲ್ಲ," ಅಂದರು ಪಾರ್ವತಿ.

ಭೀಮಣ್ಣ ಅನಿಲ್‌ನನ್ನು ನೋಡಿದ. ತೊಟ್ಟಿಲಿನಲ್ಲಿ ಕಂಡ ಹುಡುಗ ಅದು.

"ಬೇಡ. ನಾಳೆಯಿಂದ ಬೆಳಿಗ್ಗೆ ಆರಕ್ಕೆ ನನ್ನ ಪಕ್ಕ ಕಾವಲಿಗೆ ನಿಲ್ಲಲಿ. ಗಲ್ಲಾದ ಕೀಲಿ ಕೊಡಲಿ. ಅಷ್ಟು ಸಾಕು."

ಅನಿಲ್ ಕೀಲಿಯನ್ನು ಮೇಜಿನ ಮೇಲಿಟ್ಟ. ಒಂಬತ್ತು ಜನರಲ್ಲಿ ಒಬ್ಬ ಭೀಮಣ್ಣನ ಭುಜ ಮುಟ್ಟಿದ, ಇನ್ನೊಬ್ಬ ಹೋಗಿ ನಲ್ಲಿ ನಿಲ್ಲಿಸಿ ಬಂದ. ಐತಾಳರು ಮಾತ್ರ ಕಾಣಲಿಲ್ಲ.

ಗುಂಡಪ್ಪ ಹುಡುಕುತ್ತ ಮಹಡಿ ಹತ್ತಿದರು. ಐತಾಳರು ನೆಲದ ಮೇಲೆ ಮಂಡಿಯೂರಿ ಕೂತಿದ್ದರು. ಪಂಚೆಯೊಂದನ್ನು ತೊಡೆಯ ಮೇಲಿಟ್ಟು ಮಡಚುತ್ತಿದ್ದರು. ನಾಲ್ಕು ಮಡಿಕೆ, ಮೇಲೊಂದು ಸಲ ಹೆಬ್ಬೆರಳಿನಿಂದ ತೀಡುವುದು, ಟ್ರಂಕಿನೊಳಗೆ ಇಡುವುದು. ಬೆರಳಿನಲ್ಲಿ ಇನ್ನೂ ನೇರಳೆ ಮಸಿಯಿತ್ತು. ಅದು ಪಂಚೆಯ ಅಂಚಿಗೆ ತಾಗದಂತೆ ಎಚ್ಚರ ವಹಿಸುತ್ತಿದ್ದರು.

"ಇಪ್ಪತ್ತೇಳು ವರ್ಷ ನನ್ನ ಜೊತೆ ಇದ್ದವನು," ಅಂದರು, ತಲೆಯೆತ್ತದೆ. "ಅವನ ಬೆರಳು ನನ್ನ ಬೆರಳಿನ ಹಾಗೇ ಉಂಟು ಅಂತ ನನಗೆ ಗೊತ್ತಿರಬೇಕಿತ್ತು ಮಾರಾಯ್ರೆ. ಬೇರೆ ಯಾರಿಗೆ ಗೊತ್ತಿಲ್ಲದಿದ್ರೂ ನನಗೆ ಗೊತ್ತಿರಬೇಕಿತ್ತು."

ಕೆಳಗೆ ಒಲೆ ಹೊತ್ತಿಸಿದ ಸದ್ದು ಬಂತು, ಕಾವಲಿಗೆ ನೀರು ಚಿಮುಕಿಸಿದ ಚುಂಯ್ ಬಂತು. ಗುಂಡಪ್ಪ ಬಗ್ಗಿ ರೇಷ್ಮೆ ಶಾಲನ್ನು ಎತ್ತಿ ಕೊಟ್ಟರು. ಐತಾಳರು ಅದನ್ನು ತೆಗೆದುಕೊಂಡು, ಮಗಳ ಫೋಟೋವನ್ನು ಅದರಲ್ಲಿ ಸುತ್ತಿ, ಎಲ್ಲದರ ಮೇಲೆ ಇಟ್ಟು, ಟ್ರಂಕಿನ ಮುಚ್ಚಳ ಹಾಕಿದರು.