ದಾನೇಶ್ವರಿ ‘ಹೋ’ ಅಂದಿದ್ದಳು

“ಹಾಳಿಗೆ ಹತ್ತಿದ ದ್ರವ ನಿಂತಿರ್ತದೇನ್ರಿ ಮ್ಯಾಡಮ್, ಇಲ್ಲಾ ಹಾಳಿ ಜೋಡಿನೇ ಹೋಗ್ತದೇನ್ರಿ?”

ಕೊನೆಯ ಬೆಂಚಿನಿಂದ ಬಂದ ಪ್ರಶ್ನೆಗೆ ದಾನೇಶ್ವರಿಯ ಕೈಯಲ್ಲಿದ್ದ ಮಾರ್ಕರ್ ಬೋರ್ಡಿನ ಮೇಲೆಯೇ ನಿಂತುಬಿಟ್ಟಿತು. ಆ ದನಿ... ಶೈಲೇಶ!

ಉದಗೀರಿನ ಕಾಲೇಜಿನಲ್ಲಿ ಗಣಿತದ ವಿಚಾರಸಂಕಿರಣ. ಒಂದೇ ಸಮನೆ ಎಳೆದುಕೊಂಡು ಹೋಗುವ ಬಿಸಿ ಹಾಳೆಯ ಮೇಲೆ ದ್ರವ ಹರಿದಾಗ ಶಾಖ ಎಷ್ಟು ಸಾಗುತ್ತದೆ, ಕರಗಿದ ವಸ್ತು ಎಷ್ಟು ಸಾಗುತ್ತದೆ ಎನ್ನುವುದಕ್ಕೆ ಆಕೆ ಸಮೀಕರಣ ಕಟ್ಟಿದ್ದಳು. ಎಂ.ಎಸ್ಸಿ.ಯಲ್ಲಿ ಇಬ್ಬರೂ ಕೂಡಿ ಶುರುಮಾಡಿದ ವಿಷಯ. ಮುಗಿಸಿದ್ದು ಆಕೆ ಒಬ್ಬಳೇ.

“ಜೋಡಿನೇ ಹೋಗ್ತದ್ರಿ,” ಎಂದಳು.

‘ಒಪ್ಪಿದವಳನ್ನು ಬಿಟ್ಟುಹೋದವನು ಇದನ್ನು ಕೇಳುತ್ತಾನಲ್ಲ!’

ಭಾಷಣ ಮುಗಿದ ಮೇಲೆ ವರಾಂಡದಲ್ಲಿ ಎದುರಾದ. “ನಾಳಿ ನಿಲಂಗಾದಾಗ ಕನ್ಯಾ ನೋಡ್ಲಿಕ್ಕೆ ಹೊಂಟೀನಿ. ಅದಕ್ಕ ಮೊದಲ ಒಮ್ಮಿ ನಿನ್ನ ನೋಡಬೇಕನಿಸ್ತು.”

“ಛಲೋ ಆತು,” ಎಂದಳು. ಕಣ್ಣು ಮಾತ್ರ ಅವಳ ಮಾತು ಕೇಳಲಿಲ್ಲ.

ಅಷ್ಟರಲ್ಲಿ ಕಾಲೇಜಿನ ಆಯಾ ತುಳಜಾಬಾಯಿ ಕೆಟಲ್ ಹಿಡಿದು ಬಂದು, ಕೊಡಲೇ ಎಂದು ಮರಾಠಿಯಲ್ಲಿ ಕೇಳಿದಳು. “ಮ್ಯಾಡಮ್, ಚಹಾ ದೇಊ ಕಾ?”

“ಹೋ,” ದಾನೇಶ್ವರಿ ತಲೆಯಾಡಿಸಿದಳು.

ಶೈಲೇಶ ಬೆಚ್ಚಿದ. “ಆ ಮಾತು ಕೇಳಿದ್ರ ಈಗೂ ಎದಿ ಝಲ್ ಅಂತದ. ತುರೋರಿ ಬಸ್ ಸ್ಟ್ಯಾಂಡಿನಾಗ ನಾ ಮದಿವಿ ಆಗ್ತೀಯೇನು ಅಂತ ಕೇಳಿದ್ರ, ಮಾರಿ ತಿರುವಿ ‘ಹೋ’ ಅಂದುಬಿಟ್ಟಿ. ಹೋಗು ಅಂದಿ ಅಂತ ನಾ ಹೋದೆ.”

ದಾನೇಶ್ವರಿ ತಟ್ಟನೆ ಅವನ ಕಡೆ ತಿರುಗಿದಳು.

“ಅಯ್ಯೋ ಶೈಲೇಶಾ... ಅದು ಮರಾಠಿ ‘ಹೋ’! ನಾ ಹೌದು ಅಂದಿದ್ನೋ!”

“ನಮ್ಮಿಬ್ಬರದು ಯಾವಾಗಲೂ ಕನ್ನಡನೇ ಇತ್ತಲ್ಲ...”

“ಕನ್ನಡದಾಗ ಹೇಳ್ಲಿಕ್ಕೆ ನಾಚಿಕಿ ಬಂತು...”

ಎರಡೂ ಭಾಷೆ ಬಲ್ಲ ಇಬ್ಬರು ಒಂದೇ ಅಕ್ಷರಕ್ಕೆ ಎಡವಿದ್ದರು! ಹೌದೆಂದರೂ ಬರಲಿಲ್ಲವಲ್ಲ ಎಂಬ ಸಿಟ್ಟಿಗೆ ಆಕೆ ಫೋನ್ ಮಾಡಲಿಲ್ಲ. ಒಲ್ಲೆ ಎಂದವಳನ್ನು ಕಾಡಬಾರದೆಂದು ಅವನೂ ಮಾಡಲಿಲ್ಲ. ಎಂಥ ಹಾಳು ಬಿಗುಮಾನ!

“ಅವ್ವ ಕಡೀತನಕ ಕೇಳ್ತಿದ್ಲು, ಆ ಹುಡುಗಿ ಯಾಕ ಒಲ್ಲೆ ಅಂದ್ಲೋ ಅಂತ,” ಶೈಲೇಶನ ದನಿ ಒಡೆಯಿತು. “ಹ್ವಾದ ವರ್ಷ ತೀರಿಕೊಂಡ್ಲು.”

ದಾನೇಶ್ವರಿ ಕಂಬಕ್ಕೆ ಒರಗಿ ಅತ್ತುಬಿಟ್ಟಳು. ಅತ್ತರೇನು ಬಂತು? ಅವನ ಅವ್ವ ಕುಸುಮಬಾಯಿಗೆ ಇನ್ನು ಉತ್ತರ ಮುಟ್ಟಿಸುವುದು ಹೇಗೆ?

ಶೈಲೇಶ ಫೋನ್ ತೆಗೆದು, ನಾಳೆ ಬರುವುದಿಲ್ಲ ಎಂದು ನಿಲಂಗಾದ ಕಾಕಾನಿಗೆ ಹೇಳಿದ. ಅವರು ಬೈದದ್ದನ್ನೆಲ್ಲ ಸುಮ್ಮನೆ ಕೇಳಿಸಿಕೊಂಡು ಇವಳ ಕಡೆ ತಿರುಗಿದ.

“ದಾನೂ, ಮತ್ತೊಮ್ಮಿ ಕೇಳ್ಲೇನು?”

“ಹೂಂ, ಆಗ್ತೀನಿ.”

“ನಾ ಇನ್ನಾ ಕೇಳೇ ಇಲ್ಲಲ್ಲ!”

“ತಡ ಆಗಿದ್ದು ಸಾಕು. ಈ ಸಲ ಕನ್ನಡದಾಗೇ ಅಂದೀನಿ... ಹೋಗಬ್ಯಾಡ.”

“ಹೋದ್ರ?”

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಜೋಡಿನೇ ಬರ್ತೀನಿ.”